ಹೃದಯ ಪರೀಕ್ಷೆಯ ಟೆಕ್ನಿಷಿಯನ್: ಕೆಲಸ ಮತ್ತು ಪಗಾರ

ಕೇಳುಗರೆಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯ ಆಸ್ಪತ್ರೆಗಳಲ್ಲಿ ಹೃದಯ ಪರೀಕ್ಷೆಯ ಟೆಕ್ನಿಷಿಯನ್ ಆಗಿ ನಾನು ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದೇನೆ. ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ಗದಗ, ಹಾವೇರಿ, ನವಲಗುಂದ, ಕುಂದಗೋಳದ ಕಡೆಯ ತಂದೆತಾಯಿಗಳು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಕುಳಿತ ಕೂಡಲೇ ಅವರು ಕೇಳುವ ಪ್ರಶ್ನೆ ಒಂದೇ: “ಸರ್, ಇದನ್ನ ಕಲಿಸಿದ್ರ ಪಗಾರ ಎಷ್ಟ ಬರತೈತ್ರಿ?” ಸಾಲ ತೆಗೆದು ಮಕ್ಕಳನ್ನು ಓದಿಸಲು ಹೊರಟವರು ಕೇಳಲೇಬೇಕಾದ ಪ್ರಶ್ನೆ ಅದು. ಅದಕ್ಕೆ ಮುಚ್ಚುಮರೆಯಿಲ್ಲದ ಉತ್ತರ ಸಿಗಬೇಕೆಂಬ ಕಾರಣಕ್ಕೇ ಇಂದು ನಿಮ್ಮೊಡನೆ ಮಾತನಾಡುತ್ತಿದ್ದೇನೆ.

ಹೃದಯ ಪರೀಕ್ಷೆಯ ಟೆಕ್ನಿಷಿಯನ್ ಎಂಬುದು ಒಂದೇ ಕೆಲಸದ ಹೆಸರಲ್ಲ. ರೋಗಿಯನ್ನು ಮಲಗಿಸಿ ಇಸಿಜಿ, ಅಂದರೆ ಹೃದಯದ ವಿದ್ಯುತ್ ಮಿಡಿತವನ್ನು ಕಾಗದದ ಮೇಲೆ ಗೆರೆಯಾಗಿ ತೋರಿಸುವ ಪರೀಕ್ಷೆ, ತೆಗೆಯುವವರಿದ್ದಾರೆ. ಟ್ರೆಡ್‌ಮಿಲ್ ಮೇಲೆ ನಡೆಸಿ, ಮೂರು ಮೂರು ನಿಮಿಷಕ್ಕೊಮ್ಮೆ ವೇಗವನ್ನೂ ಏರನ್ನೂ ಹೆಚ್ಚಿಸುತ್ತ, ವೈದ್ಯರ ಜೊತೆ ನಿಂತು ರಕ್ತದೊತ್ತಡ ನೋಡಿಕೊಳ್ಳುವ ಟಿಎಂಟಿ ಟೆಕ್ನಿಷಿಯನ್ ಇದ್ದಾರೆ. ದಿನವಿಡೀ ಸೊಂಟಕ್ಕೆ ಕಟ್ಟಿಕೊಂಡಿರುವ ಹೋಲ್ಟರ್ ಪೆಟ್ಟಿಗೆಯಲ್ಲಿನ ಹೃದಯ ಬಡಿತದ ದಾಖಲೆಯನ್ನು ಕಂಪ್ಯೂಟರಿಗೆ ಹಾಕಿ ತಪ್ಪು ಬಡಿತಗಳನ್ನು ಬೇರ್ಪಡಿಸುವವರು, ಶಬ್ದದ ಅಲೆಗಳಿಂದ ಹೃದಯದ ಚಿತ್ರ ನೋಡುವ ಎಕೋ ಕೋಣೆಯಲ್ಲಿ ವೈದ್ಯರಿಗೆ ನೆರವಾಗುವವರು, ಏಂಜಿಯೋಗ್ರಾಂ ಮಾಡಿ ಹೃದಯದ ರಕ್ತನಾಳ ಎಲ್ಲಿ ಕಟ್ಟಿಕೊಂಡಿದೆ ಎಂದು ನೋಡಿ, ಅದನ್ನು ತೆರೆದಿಡುವ ಸ್ಟೆಂಟ್ ಹಾಕುವ ಕ್ಯಾಥ್ ಲ್ಯಾಬಿನಲ್ಲಿ ದುಡಿಯುವವರು ಬೇರೆ ಬೇರೆ. ಪಗಾರವೂ ಹೆಚ್ಚು ಕಡಿಮೆ ಇದೇ ಕ್ರಮದಲ್ಲಿ ಏರುತ್ತದೆ.

ನಾನು ಕಂಡ ಮಟ್ಟಿಗೆ ಹೇಳುವುದಾದರೆ, ನಮ್ಮ ಭಾಗದ ಖಾಸಗಿ ಆಸ್ಪತ್ರೆಗಳಲ್ಲಿ ಬರೀ ಇಸಿಜಿ ಬಲ್ಲ ಹೊಸಬರ ಕೈಗೆ ತಿಂಗಳಿಗೆ 12ರಿಂದ 18 ಸಾವಿರ ರೂಪಾಯಿ ಬಂದರೆ ಹೆಚ್ಚು. ಕ್ಯಾಥ್ ಲ್ಯಾಬಿನಲ್ಲಿ ನಾಲ್ಕೈದು ವರ್ಷ ಪಳಗಿದವರಿಗೆ ಇದರ ಎರಡು ಪಟ್ಟು ಸಿಕ್ಕಿದ್ದನ್ನೂ ನೋಡಿದ್ದೇನೆ. ಆದರೆ ಅಂಥ ಲ್ಯಾಬುಗಳು ಹುಬ್ಬಳ್ಳಿ-ಧಾರವಾಡದಂಥ ಊರುಗಳಲ್ಲಿ ಕೇಂದ್ರೀಕೃತವಾಗಿರುವುದರಿಂದ, ಹಳ್ಳಿಯಿಂದ ಬಂದವರ ಏರಿದ ಪಗಾರದಲ್ಲಿ ದೊಡ್ಡ ಪಾಲು ಮನೆ ಬಾಡಿಗೆಗೇ ಹೋಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಇಸಿಜಿ ತೆಗೆಯುವವರಿಗೆ ಇಷ್ಟು ಕಡಿಮೆ ಕೊಡುವುದೇಕೆ? ಗುಂಡಿ ಒತ್ತಿದರೆ ಯಂತ್ರವೇ ಬರೆದು ಕೊಡುತ್ತದೆ, ಅದಕ್ಕೇನು ವಿದ್ಯೆ ಬೇಕು ಎಂಬ ಭಾವನೆ ಆಡಳಿತದವರ ಮನಸ್ಸಿನಲ್ಲಿ ಬೇರೂರಿದೆ. ಈ ಭಾವನೆ ತಪ್ಪು ಎಂದು ನಾನು ಖಚಿತವಾಗಿ ಹೇಳಬಲ್ಲೆ. ಒಂದು ರಾತ್ರಿ ಎರಡು ಗಂಟೆಗೆ ನವಲಗುಂದ ತಾಲೂಕಿನ ರೈತರೊಬ್ಬರನ್ನು ಕರೆತಂದರು. “ಎದಿ ಉರ್ಯಾಕತ್ತೈತ್ರಿ, ಸಂಜೀಕ ಮಿರ್ಚಿ ತಿಂದಿದ್ದೆ, ಅದರದ್ದ ಇರಬೇಕು” ಎಂದು ಅವರೇ ತಮ್ಮ ರೋಗಕ್ಕೆ ಹೆಸರಿಟ್ಟುಕೊಂಡಿದ್ದರು. ಮೈಯೆಲ್ಲ ತಣ್ಣನೆಯ ಬೆವರು. ಬೆವರಿದ ಎದೆಯ ಮೇಲೆ ಇಸಿಜಿ ತಂತಿಯ ತುದಿಯ ರಬ್ಬರ್ ಬಲ್ಬು ಹಿಡಿಯುವುದಿಲ್ಲ, ಜಾರಿ ಜಾರಿ ಬೀಳುತ್ತದೆ. “ಕಾಕಾ, ಒಂದ ನಿಮಿಷ ಅಳ್ಳಾಡದಂಗ ಮಲಗ್ರಿ” ಎಂದು ಹೇಳಿ, ಬಟ್ಟೆಯಿಂದ ಎದೆ ಒರೆಸಿ, ಎದೆಮೂಳೆಯ ಮೇಲಿನ ಉಬ್ಬನ್ನು ಬೆರಳಿನಿಂದ ಹುಡುಕಿ, ಅಲ್ಲಿಂದ ಪಕ್ಕೆಲುಬುಗಳನ್ನು ಎಣಿಸುತ್ತ ನಾಲ್ಕನೆಯ ಸಂದಿಗೆ ಇಳಿದು ಮೊದಲ ಎರಡು ಬಲ್ಬುಗಳನ್ನು ಕೂರಿಸಿದೆ. ಕಾಗದ ಸೆಕೆಂಡಿಗೆ 25 ಮಿಲಿಮೀಟರಿನಂತೆ ಹೊರಬಂತು. ಹೃದಯವನ್ನು ಬೇರೆ ಬೇರೆ ದಿಕ್ಕಿನಿಂದ ತೋರಿಸುವ ಗೆರೆಗಳಿಗೆ ಲೀಡು ಎನ್ನುತ್ತೇವೆ. ಎರಡನೆಯ, ಮೂರನೆಯ ಮತ್ತು ಎವಿಎಫ್ ಎಂಬ ಲೀಡುಗಳಲ್ಲಿ ಗೆರೆ ಗುಡ್ಡದಂತೆ ಮೇಲೆದ್ದಿತ್ತು. ಹೃದಯಾಘಾತವಾಗಿ ಹೃದಯದ ಕೆಳಗೋಡೆಗೆ ಹೊಡೆತ ಬಿದ್ದಿತ್ತು. ಇಂಥ ಹೊತ್ತಿನಲ್ಲಿ ಬಲಗೋಡೆಯೂ ಸಿಕ್ಕಿದೆಯೇ ಎಂದು ತಿಳಿಯಲು ಎದೆಯ ಬಲಭಾಗದಿಂದಲೂ ಒಂದು ಇಸಿಜಿ ಬೇಕು. ಏಕೆಂದರೆ ಬಲಗೋಡೆ ಸಿಕ್ಕಿದ್ದರೆ ಎದೆನೋವಿಗೆಂದು ನಾಲಿಗೆಯ ಕೆಳಗಿಡುವ ಮಾತ್ರೆಯಿಂದ ರಕ್ತದೊತ್ತಡ ಕುಸಿಯುವ ಅಪಾಯವಿದೆ. ವೈದ್ಯರು ಕೇಳುವ ಮೊದಲೇ ಆ ಇಸಿಜಿಯನ್ನೂ ತೆಗೆದು ಅವರ ಕೈಗಿಟ್ಟೆ. ಆ ಕಾಕಾ ಒಂಬತ್ತನೆಯ ದಿನ ನಡೆದುಕೊಂಡು ಮನೆಗೆ ಹೋದರು.

ಅದೇ ಬಲ್ಬುಗಳನ್ನು ಒಂದು ಸಂದಿ ಮೇಲೆ ಇಟ್ಟರೆ ಇಲ್ಲದ ಹಳೆಯ ಹೃದಯಾಘಾತ ಇದ್ದಂತೆ ಕಾಣಬಹುದು. ಎಡಗೈ ಬಲಗೈ ತಂತಿಗಳು ಅದಲುಬದಲಾದರೆ ಮೊದಲ ಲೀಡು ತಲೆಕೆಳಗಾಗುತ್ತದೆ, ಅದನ್ನು ಗುರುತಿಸಿ ಮತ್ತೊಮ್ಮೆ ತೆಗೆಯುವ ಕಣ್ಣು ಟೆಕ್ನಿಷಿಯನ್‌ಗೆ ಇರಬೇಕು. ಹೆಣ್ಣುಮಕ್ಕಳು ನಾಚಿಕೊಂಡಾಗ ಬಲ್ಬನ್ನು ಸರಿಯಾದ ಜಾಗದ ಬದಲು ಸುಲಭವಾದ ಜಾಗಕ್ಕೆ ಹಚ್ಚಿ ಮುಗಿಸುವ ರೂಢಿಯೂ ಇದೆ. ಸೆರಗು ಹೊದಿಸಿಯೇ, ಮರ್ಯಾದೆ ಕಾದುಕೊಂಡೇ ಸರಿಯಾದ ಜಾಗ ತಲುಪಲು ತರಬೇತಿ ಬೇಕು, ತಾಳ್ಮೆ ಬೇಕು. ಈ ಕಾರಣಕ್ಕಾಗಿಯೂ ನಮ್ಮ ವೃತ್ತಿಗೆ ಹೆಣ್ಣುಮಕ್ಕಳು ಹೆಚ್ಚು ಬರಬೇಕೆಂದು ನಾನು ಬಯಸುತ್ತೇನೆ.

ಎದೆನೋವೆಂದು ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ವೈದ್ಯಲೋಕ ಒಪ್ಪಿದ ನಿಯಮ. ಕರ್ನಾಟಕ ಸರ್ಕಾರ 2023ರಲ್ಲಿ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಬೆನ್ನೆಲುಬೂ ಇದೇ. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ದೂರದ ತಜ್ಞರಿಗೆ ತಲುಪುತ್ತದೆ, ಹೃದಯಾಘಾತವೆಂದು ಖಚಿತವಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ಇಡೀ ಸರಪಳಿಯ ಮೊದಲ ಕೊಂಡಿ ಬಲ್ಬು ಹಚ್ಚುವ ಕೈ. ಆದ್ದರಿಂದ ರೋಣ, ಶಿಗ್ಗಾಂವಿ, ಕಲಘಟಗಿಯಂಥ ತಾಲೂಕು ಕೇಂದ್ರಗಳಲ್ಲಿ ರಾತ್ರಿ ಪಾಳಿಗೂ ತರಬೇತಾದ ಟೆಕ್ನಿಷಿಯನ್ ಬೇಕು, ಮತ್ತು ಆ ಹುದ್ದೆಗಳು ಏಜೆನ್ಸಿಯ ಮೂಲಕ ವರ್ಷ ವರ್ಷ ನವೀಕರಿಸುವ ಗುತ್ತಿಗೆಯಾಗಿರದೆ ಕಾಯಂ ಹುದ್ದೆಗಳಾಗಿರಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಕಾಯಂ ನೌಕರಿಯ ಅಂತರ ಎಷ್ಟೆಂದು ನೋಡಿ. ರಾಜ್ಯದ ಏಳನೇ ವೇತನ ಆಯೋಗದ ಶ್ರೇಣಿಗಳು 2024ರ ಆಗಸ್ಟ್ 1ರಿಂದ ಜಾರಿಗೆ ಬಂದ ಮೇಲೆ ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನವೇ 27,000 ರೂಪಾಯಿ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ನಮ್ಮ ಹುಬ್ಬಳ್ಳಿಯಲ್ಲೇ ಇರುವುದರಿಂದ ರೈಲ್ವೆ ನೌಕರಿಯ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ರೈಲ್ವೆಯಲ್ಲಿ ಇಸಿಜಿ ಟೆಕ್ನಿಷಿಯನ್ ಹುದ್ದೆಯ ಆರಂಭದ ಮೂಲ ವೇತನ 25,500 ರೂಪಾಯಿ, ತುಟ್ಟಿಭತ್ಯೆ ಮತ್ತು ಮನೆ ಬಾಡಿಗೆ ಭತ್ಯೆ ಬೇರೆ. ಆದರೆ 2024ರಲ್ಲಿ ರೈಲ್ವೆ ಕರೆದ 1,376 ಅರೆವೈದ್ಯಕೀಯ ಹುದ್ದೆಗಳಲ್ಲಿ ಇಸಿಜಿಗೆ ಇದ್ದದ್ದು ದೇಶಕ್ಕೆಲ್ಲ ಸೇರಿ 13 ಮಾತ್ರ. ಪರೀಕ್ಷೆ ಬರೆಯಿರಿ, ಆದರೆ ಅದೊಂದನ್ನೇ ನೆಚ್ಚಿಕೊಂಡು ಮನೆಯಲ್ಲಿ ಕೂಡಬೇಡಿ.

ಇನ್ನು ಓದಿನ ವಿಷಯ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಕಾರ್ಡಿಯಾಕ್ ಕೇರ್ ಟೆಕ್ನಾಲಜಿ ಎಂಬ ಬಿಎಸ್ಸಿ ಪದವಿ ಇದೆ. ಪಿಯುಸಿ ವಿಜ್ಞಾನದ ನಂತರ ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಇದನ್ನು ಓದಿದವರಿಗೆ ಎಕೋ ಮತ್ತು ಕ್ಯಾಥ್ ಲ್ಯಾಬಿನ ಬಾಗಿಲು ತೆರೆಯುತ್ತದೆ. ಆರು ತಿಂಗಳಲ್ಲಿ ಸರ್ಟಿಫಿಕೇಟ್ ಕೊಡುತ್ತೇವೆಂದು ಗೋಡೆಗೆ ಚೀಟಿ ಅಂಟಿಸುವವರ ಕಡೆ ಹೋಗುವ ಮೊದಲು ಯೋಚಿಸಿ. ಕೇಂದ್ರ ಸರ್ಕಾರ 2021ರಲ್ಲಿ ಮಾಡಿದ ಸಹವೈದ್ಯಕೀಯ ಮತ್ತು ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆಯಲ್ಲಿ ಹೃದಯ ಮತ್ತು ಇಸಿಜಿ ತಂತ್ರಜ್ಞರ ಹೆಸರೂ ಸೇರಿದೆ. ಮಾನ್ಯತೆ ಪಡೆದ ವಿದ್ಯಾರ್ಹತೆ ಇದ್ದವರಷ್ಟೇ ನೋಂದಣಿ ಪುಸ್ತಕದಲ್ಲಿ ಸೇರುವ ಕಾಲ ಬರುತ್ತಿರುವಾಗ, ಮಾನ್ಯತೆಯಿಲ್ಲದ ಕಾಗದಕ್ಕೆ ಹಣ ಸುರಿಯುವುದು ಬೇಡ.

ನಾನು ಮೊದಲು ಸೇರಿದ ಆಸ್ಪತ್ರೆಯಲ್ಲಿ ನನಗೆ ನೇಮಕಾತಿ ಪತ್ರ ಕೊಡಲಿಲ್ಲ. ಪಿಎಫ್ ಎಂದು ಪ್ರತಿ ತಿಂಗಳು ಪಗಾರದಲ್ಲಿ ಹಿಡಿದರು, ಕಟ್ಟಲಿಲ್ಲ. ನಾಲ್ಕು ವರ್ಷ ದುಡಿದು ಬಿಟ್ಟಾಗ ಅನುಭವ ಪತ್ರವನ್ನೂ ಕೊಡಲಿಲ್ಲವಾದ್ದರಿಂದ, ಮುಂದಿನ ಆಸ್ಪತ್ರೆಯಲ್ಲಿ ನಾನು ಮತ್ತೆ ಹೊಸಬನ ಪಗಾರದಿಂದಲೇ ಶುರು ಮಾಡಬೇಕಾಯಿತು. ಆ ನೋವು ಇಂದಿಗೂ ಇದೆ. ಈಗ ಪಿಎಫ್ ಖಾತೆಗೆ ಯುಎಎನ್ ಎಂಬ ಸಂಖ್ಯೆ ಇದೆ, ಮೊಬೈಲಿನಲ್ಲೇ ಪ್ರತಿ ತಿಂಗಳು ಹಣ ಜಮೆಯಾಯಿತೇ ಎಂದು ನೋಡಬಹುದು. ತಪ್ಪದೆ ನೋಡಿ. ಸೇರುವ ದಿನವೇ ನೇಮಕಾತಿ ಪತ್ರ ಕೇಳಿ ಪಡೆಯಿರಿ, ಅದರಲ್ಲಿ ಹುದ್ದೆಯ ಹೆಸರು ಸ್ಪಷ್ಟವಾಗಿರಲಿ.

ಕ್ಯಾಥ್ ಲ್ಯಾಬಿಗೆ ಹೋಗುವವರಿಗೆ ಇನ್ನೊಂದು ಮಾತು. ಅಲ್ಲಿ ಎಕ್ಸ್‌ರೇ ಕಿರಣಗಳ ನಡುವೆ ಸೀಸದ ಭಾರದ ಏಪ್ರನ್ ಹೊತ್ತು ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ, ಅರ್ಧರಾತ್ರಿ ಕರೆ ಬಂದರೆ ಎದ್ದು ಓಡಬೇಕಾಗುತ್ತದೆ. ಮೈಗೆ ತಾಗಿದ ವಿಕಿರಣವನ್ನು ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ನಿಮ್ಮ ಹೆಸರಿನಲ್ಲೇ ಇರಬೇಕು, ಅದರ ವರದಿ ನಿಮಗೂ ಸಿಗಬೇಕು. ಹೆಚ್ಚಿನ ಪಗಾರದ ಆಸೆಗೆ ಬ್ಯಾಡ್ಜ್ ಇಲ್ಲದೆ ಒಳಗೆ ಕಾಲಿಡಬೇಡಿ.

ಈ ವರ್ಷ ಕಾಲೇಜು ನೋಡಲು ಹೋಗುವ ತಂದೆತಾಯಿಗಳು ಕಟ್ಟಡ ನೋಡಿ ಬರುವ ಬದಲು ಅಲ್ಲಿನ ಆಸ್ಪತ್ರೆಯ ಇಸಿಜಿ ಕೋಣೆಯ ಹೊರಗೆ ಅರ್ಧ ಗಂಟೆ ಕುಳಿತುಕೊಳ್ಳಿ. ದಿನಕ್ಕೆ ಎಷ್ಟು ರೋಗಿಗಳು ಬರುತ್ತಾರೆ, ಎಕೋ ಮತ್ತು ಕ್ಯಾಥ್ ಲ್ಯಾಬ್ ಇಲ್ಲಿಯೇ ಇವೆಯೇ, ವಿದ್ಯಾರ್ಥಿಗಳ ಕೈಗೆ ಯಂತ್ರ ಯಾವ ವರ್ಷ ಕೊಡುತ್ತಾರೆ, ಇಂಟರ್ನ್‌ಶಿಪ್ ವರ್ಷದಲ್ಲಿ ಸ್ಟೈಪೆಂಡ್ ಇದೆಯೇ ಎಂದು ಅಲ್ಲಿ ಓದುತ್ತಿರುವ ಮಕ್ಕಳನ್ನೇ ಕೇಳಿ. ಅವರ ಬಾಯಿಂದ ಬಂದ ಉತ್ತರವನ್ನು ಬರೆದುಕೊಂಡು ಬಂದು, ಆಮೇಲೆ ಫೀಸು ಕಟ್ಟಿ.

ನಮಸ್ಕಾರ.