ಸುಳ್ಳು ಅರ್ಥ ಬರೆಯೋ ಆಟ

ಎಲ್ಲರಿಗೂ ನಮಸ್ಕಾರ್ರೀ. ಧಾರವಾಡದಲ್ಲಿ ನಿಂತು ಸುಳ್ಳು ಅರ್ಥ ಹೇಗೆ ಹುಟ್ಟಿಸಬೇಕು ಅಂತ ಮಾತಾಡೋದಕ್ಕೆ ಸ್ವಲ್ಪ ಧೈರ್ಯ ಬೇಕು. ಎದುರಿಗೆ ಕೂತವರಲ್ಲಿ ಕನ್ನಡ ಮಾಸ್ತರೇ ಜಾಸ್ತಿ ಇದ್ದಾರೆ.

ಆಟ ಸರಳ. ಒಬ್ಬರು ನಿಘಂಟು ತೆರೆದು ಯಾರಿಗೂ ಗೊತ್ತಿಲ್ಲದ ಪದ ಹೆಕ್ಕುತ್ತಾರೆ. ಉಳಿದವರು ಚೀಟಿಯಲ್ಲಿ ಅದಕ್ಕೊಂದು ಸುಳ್ಳು ಅರ್ಥ ಬರೆದು ಕೊಡಬೇಕು. ನಿಘಂಟು ಹಿಡಿದವರು ನಿಜವಾದ ಅರ್ಥವನ್ನೂ ಅದರಲ್ಲಿ ಸೇರಿಸಿ ಎಲ್ಲವನ್ನೂ ಒಂದೇ ದನಿಯಲ್ಲಿ ಓದುತ್ತಾರೆ. ನಿಜ ಹಿಡಿದವರಿಗೆ ಅಂಕ, ನಿಮ್ಮ ಸುಳ್ಳಿಗೆ ಯಾರಾದರೂ ಬಿದ್ದರೆ ನಿಮಗೂ ಅಂಕ. 1984ರಲ್ಲಿ ಕೆನಡಾದವರು ಇದನ್ನೇ ಬಾಲ್ಡರ್‌ಡ್ಯಾಶ್ ಅಂತ ಡಬ್ಬಿಯಲ್ಲಿಟ್ಟು ಮಾರಿದರು. ನಮಗೆ ಡಬ್ಬಿ ಬೇಡ. 1894ರ ಕಿಟೆಲ್ ನಿಘಂಟಿದೆ, ಸುಮಾರು 70,000 ಪದ. ಆದರೆ ಅದರಲ್ಲಿ ಅರ್ಥ ಇಂಗ್ಲಿಷಿನಲ್ಲಿದೆ, ಓದೋರು ಕನ್ನಡ ಮಾಡಿಕೊಳ್ಳುವಾಗ ಒಂಚೂರು ತಡವರಿಸಿದರೂ ಗುಟ್ಟು ಬಯಲು. ಅದಕ್ಕೆ ಪರಿಷತ್ತಿನ ಕನ್ನಡ ನಿಘಂಟೇ ವಾಸಿ. ಎಂಟು ಸಂಪುಟ ಹೊತ್ತು ತರಬೇಕು, ಅಷ್ಟೇ.

ಈಗ ಮುಖ್ಯ ಮಾತು. ಗೆಲ್ಲೋ ಸುಳ್ಳು ಸಪ್ಪೆಯಾಗಿರುತ್ತದೆ. 'ತೆಲ್ಲಂಟಿ' ಅನ್ನೋ ಹಳಗನ್ನಡ ಪದ ತಗೊಳ್ಳಿ. ಕವಿ ಮನಸ್ಸಿನವರು 'ಸೋತ ಅರಸನ ಕೊನೆಯ ನಗು' ಅಂತ ಬರೆಯುತ್ತಾರೆ. ಜನ ನಗುತ್ತಾರೆ, ಓಟು ಮಾತ್ರ ಹಾಕೋದಿಲ್ಲ. ಅದೇ ನಮ್ಮ ಹಾವೇರಿ ಕಡೆಯ ಅಕ್ಕೋರು ಯಾರಾದರೂ 'ರೊಟ್ಟಿ ಬೇಯಿಸುವಾಗ ಹಂಚಿನ ಅಂಚಿಗೆ ಹತ್ತಿಕೊಂಡು ಕರಕಾದ ಹಿಟ್ಟು' ಅಂತ ಬರೆದರೆ ಮಾಸ್ತರರೂ ಬೀಳುತ್ತಾರೆ. ಯಾಕಂದರೆ ಇಷ್ಟು ಸಣ್ಣ ವಿಷಯವನ್ನು ಯಾರು ತಾನೇ ಕಟ್ಟಿ ಹೇಳ್ತಾರೆ, ಅಲ್ವಾ? ನಿಜವಾದ ಅರ್ಥ ಬಳುವಳಿ, ಉಡುಗೊರೆ.

ನಿಘಂಟೇ ಹೀಗೆ ಮೋಸ ಹೋಗಿದ್ದುಂಟು. 1934ರ ವೆಬ್‌ಸ್ಟರ್ ಇಂಗ್ಲಿಷ್ ನಿಘಂಟಿನಲ್ಲಿ 'ಡಾರ್ಡ್' ಅಂತ ಒಂದು ಪದ ಬಂತು, ಅರ್ಥ 'ಸಾಂದ್ರತೆ'. ಅಸಲಿಗೆ ಅಂಥ ಪದವೇ ಇರಲಿಲ್ಲ. ಸಾಂದ್ರತೆಯನ್ನು 'ಡಿ' ಅಕ್ಷರದಿಂದ ಸೂಚಿಸುತ್ತಾರೆ, ದೊಡ್ಡದಾದರೂ ಸರಿ ಚಿಕ್ಕದಾದರೂ ಸರಿ ಅಂತ ಇಂಗ್ಲಿಷಿನಲ್ಲಿ 'D or d' ಎಂದು ಬರೆದಿದ್ದ ಚೀಟಿಯನ್ನು ಯಾರೋ ಒಂದೇ ಪದ ಅಂತ ಓದಿಬಿಟ್ಟರು. 1939ರವರೆಗೆ ಯಾರ ಕಣ್ಣಿಗೂ ಬೀಳಲಿಲ್ಲ. ಅಷ್ಟು ಸಪ್ಪೆ ಅರ್ಥ!

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಪದದ ಬಾಲವೇ ಚಾಡಿ ಹೇಳುತ್ತದೆ. 'ಗಾರ' ಅಂತ ಮುಗಿದರೆ ಅದು ಮನುಷ್ಯ, 'ಣಿಗೆ' ಅಂತ ಮುಗಿದರೆ ಏನೋ ಒಂದು ಕೆಲಸ ಇಲ್ಲವೇ ಸಾಮಾನು ಅಂತ ಊಹೆ ಓಡುತ್ತದೆ. ಬಾಲ ಇಲ್ಲದ ಮೋಟು ಪದ ಆರಿಸಿ. ಸಾಹಿತ್ಯ ಓದಿದವರು ಇದ್ದರೆ ಗದುಗಿನ ಭಾರತದ 'ತಿಂತಿಣಿ' ಹಾಕಲೇಬೇಡಿ, ಅದು ಪೀಠಿಕೆಯಲ್ಲೇ ಇದೆ, ಕೂಡಲೇ 'ಗುಂಪು' ಅಂತ ಕೂಗ್ತಾರೆ. ಹಾಗೇ ಹುಬ್ಬಳ್ಳಿಯ ಹುಡುಗರಿಗೆ 'ಹಗೇವು' ಕೊಟ್ಟು ನೋಡಿ, ತಲೆ ಕೆರೆದುಕೊಳ್ಳುತ್ತಾರೆ. ಊರಿನ ಅಜ್ಜ ಒಬ್ಬರಿದ್ದರೆ ಮಾತ್ರ ಆಟ ಕೆಡುತ್ತದೆ. ಜೋಳ ತುಂಬಿಡೋ ನೆಲದೊಳಗಿನ ಆ ಗುಂಡಿಗೆ ಅವರೇ ಇಳಿದಿರುತ್ತಾರೆ.

ಸಾಕು ಮಾತು. ಚೀಟಿ ಹಂಚ್ರಿ. ಪದ 'ಪುಗಿಲ್'. ಮಾಸ್ತರುಗಳೇ, ಗೊತ್ತಿದ್ದರೂ ಬಾಯಿ ಬಿಡಬೇಡಿ, ನೀವೂ ಸುಳ್ಳೇ ಬರೀರಿ.