ಎಸ್‌.ಪಿ. ರಸ್ತೆಗೆ ಎಷ್ಟು ಕ್ರೆಡಿಟ್?

ಈ ಕಾರ್ಡ್ ನೋಡಿ. ಕ್ಯಾಮೆರಾ ಸ್ವಲ್ಪ ಹತ್ತಿರ ತರುತ್ತೇನೆ. ಮೇಲೆ ಎಡಗಡೆ ಮೂಲೆಯಲ್ಲಿ ಒಂದು ಚಿಕ್ಕ ವೃತ್ತ ಇದೆ. ಅದರೊಳಗೆ 2 ಅಂತ ಬರೆದಿದೆ. ಈ ಎರಡನ್ನು ಬರೆಯೋಕೆ ನನಗೆ ಐದು ವಾರ ಹಿಡಿಯಿತು. ಇವತ್ತಿನ ವ್ಲಾಗ್ ಪೂರ್ತಿ ಆ ಎರಡರ ಕಥೆ.

ಆಟದ ಹೆಸರು ನೆಟ್‌ರನ್ನರ್. ಇಬ್ಬರು ಆಡುವ ಕಾರ್ಡ್ ಆಟ. ಒಬ್ಬರು ದೊಡ್ಡ ಕಂಪನಿ, ಕಾರ್ಪ್. ಇನ್ನೊಬ್ಬರು ಅದರ ಸರ್ವರ್‌ಗೆ ನುಗ್ಗುವ ಹ್ಯಾಕರ್, ರನ್ನರ್. ಇಬ್ಬರ ಕಾರ್ಡ್‌ಗಳೂ ಬೇರೆ, ಆಡುವ ರೀತಿಯೂ ಬೇರೆ. ಕಾರ್ಪ್‌ಗೆ ಒಂದು ಸರದಿಗೆ 3 ಕ್ಲಿಕ್, ರನ್ನರ್‌ಗೆ 4. ಕ್ಲಿಕ್ ಅಂದರೆ ಒಂದು ಕೆಲಸ ಮಾಡುವ ಅವಕಾಶ. ಕ್ರೆಡಿಟ್ ಅಂದರೆ ಆಟದೊಳಗಿನ ದುಡ್ಡು. ಕಂಪನಿಯ ಗುಟ್ಟಿನ ಯೋಜನೆಗಳಿಗೆ ಅಜೆಂಡಾ ಅಂತ ಹೆಸರು. ಕಾರ್ಪ್ ಅವನ್ನು ಮುಗಿಸಿದರೆ ಅದಕ್ಕೆ ಪಾಯಿಂಟ್, ರನ್ನರ್ ಕದ್ದರೆ ಅವನಿಗೆ ಪಾಯಿಂಟ್. ಯಾರು ಮೊದಲು 7 ಮುಟ್ಟುತ್ತಾರೋ ಅವರು ಗೆದ್ದರು. ಇನ್ನೊಂದು ದಾರಿಯೂ ಇದೆ. ರನ್ನರ್ ಕೈಯಲ್ಲಿರುವ ಕಾರ್ಡ್‌ಗಳಿಗಿಂತ ಜಾಸ್ತಿ ಏಟು ಬಿದ್ದರೆ ಅವನು ಸತ್ತ, ಕಾರ್ಪ್ ಗೆದ್ದಿತು.

ಇದನ್ನು ಮಾಡಿದವರು ರಿಚರ್ಡ್ ಗಾರ್ಫೀಲ್ಡ್. 1993ರಲ್ಲಿ ಮ್ಯಾಜಿಕ್ ಅನ್ನುವ ಕಾರ್ಡ್ ಆಟ ಮಾಡಿದವರೂ ಅವರೇ. 1996ರಲ್ಲಿ ಬಂದ ಮೊದಲ ನೆಟ್‌ರನ್ನರ್, ಪ್ಯಾಕೆಟ್ ಹರಿಯುವವರೆಗೂ ಒಳಗೆ ಏನಿದೆ ಅಂತ ಗೊತ್ತಾಗದ, ಕೂಡಿಸಿಟ್ಟುಕೊಳ್ಳುವ ಕಾರ್ಡ್‌ಗಳ ಆಟ. ಹೆಚ್ಚು ದಿನ ನಡೆಯಲಿಲ್ಲ. 2012ರಲ್ಲಿ ಫ್ಯಾಂಟಸಿ ಫ್ಲೈಟ್ ಅನ್ನುವ ಕಂಪನಿ ಅದನ್ನು ಹೊಸದಾಗಿ ತಂದಿತು. ಈ ಸಲ ಪ್ಯಾಕೆಟ್‌ನೊಳಗೆ ಏನಿದೆ ಅಂತ ಮೊದಲೇ ಗೊತ್ತು, ಅದೃಷ್ಟದ ಮಾತಿಲ್ಲ. 2018ರಲ್ಲಿ ಅದೂ ನಿಂತಿತು. ಆಗ ಆಡುತ್ತಿದ್ದವರೇ ಸೇರಿ ಒಂದು ಗುಂಪು ಕಟ್ಟಿಕೊಂಡರು. ಇವತ್ತು ಅದರ ಹೆಸರು ನಲ್ ಸಿಗ್ನಲ್ ಗೇಮ್ಸ್. ಅವರು ಹೊಸ ಕಾರ್ಡ್‌ಗಳನ್ನು ಮಾಡುತ್ತಾರೆ, ಮನೆಯಲ್ಲೇ ಪ್ರಿಂಟ್ ಮಾಡಿಕೊಳ್ಳಿ ಅಂತ ಪುಕ್ಕಟೆ ಕೊಡುತ್ತಾರೆ. ಸ್ಟಾರ್ ವಾರ್ಸ್ ಕಾರ್ಡ್ ಆಟಕ್ಕೂ ಹೀಗೇ ಆಯಿತು. 2001ರ ಕೊನೆಗೆ ಡಿಸೈಫರ್ ಕಂಪನಿಯ ಕೈಯಿಂದ ಲೈಸೆನ್ಸ್ ಹೋಯಿತು, ಆಟಗಾರರ ಸಮಿತಿ ಮುಂದುವರಿಸಿತು. ಹಳೆಯ ಕಾರ್ಡ್‌ಗೆ ಹೊಸ ನಿಯಮದ ಚೀಟಿ ಪ್ರಿಂಟ್ ಮಾಡಿ, ಕಾರ್ಡ್ ಹಾಕಿಡುವ ಪ್ಲಾಸ್ಟಿಕ್ ಸ್ಲೀವ್‌ನೊಳಗೆ ಸೇರಿಸಿಕೊಂಡು ಆಡುತ್ತಾರೆ. ಆಟ ಕಂಪನಿಯದ್ದು ಅಂತ ಅಂದುಕೊಂಡಿದ್ದವರು, ಅಲ್ಲ, ಇದು ನಮ್ಮದೂ ಹೌದು ಅಂತ ಕೈಗೆತ್ತಿಕೊಂಡರು. ನನಗೆ ಈ ಆಟದ ಮೇಲೆ ಇಷ್ಟು ಪ್ರೀತಿ ಬಂದದ್ದೇ ಅದರಿಂದ.

ಹಾಗಾದರೆ ನಾನೂ ಒಂದು ಕಾರ್ಡ್ ಮಾಡಬಹುದಲ್ವಾ?

ನೆಟ್‌ರನ್ನರ್‌ನಲ್ಲಿ ಭಾರತ ಮೊದಲೇ ಬಂದಿದೆ. 2015ರ ಕೊನೆಗೆ ಶುರುವಾಗಿ 2016ರಲ್ಲಿ ಆರು ಪ್ಯಾಕ್ ಬಂದವು. ಮುಂದಿನ ಕಾಲದ ಭಾರತದಲ್ಲಿ ಮುಂಬಡ್ ಅನ್ನುವ ಮಹಾನಗರದ ಕಥೆ. ಒಂದು ಪ್ಯಾಕ್‌ನ ಹೆಸರು ಕಾಲಾ ಘೋಡಾ, ಇನ್ನೊಂದರ ಹೆಸರು ಸಾಲ್ಸೆಟ್ ಐಲ್ಯಾಂಡ್. ಎರಡೂ ಮುಂಬೈಯ ನಿಜವಾದ ಜಾಗಗಳು. ಅದನ್ನು ನೋಡಿದಾಗ ಎಷ್ಟು ಖುಷಿಯಾಯಿತೋ, ಅಷ್ಟೇ ಆಸೆಯೂ ಆಯಿತು. ಹ್ಯಾಕರ್‌ಗಳ ಆಟ ಇದು, ನಮ್ಮ ಬೆಂಗಳೂರು ಎಲ್ಲಿ?

ಬೆಂಗಳೂರು ಅಂದ ತಕ್ಷಣ ಗಾಜಿನ ಕಟ್ಟಡ ಬರೆಯಬಹುದಿತ್ತು. ಆದರೆ ರನ್ನರ್ ಗಾಜಿನ ಕಟ್ಟಡದಲ್ಲಿ ಇರುವವನಲ್ಲ. ಅವನು ಸಾಮಾನು ತರುವುದು ಎಲ್ಲಿಂದ? ನನಗೆ ಒಂದೇ ಉತ್ತರ ಹೊಳೆಯಿತು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಾಮಾನಿನ ಬೀದಿ, ಎಸ್‌.ಪಿ. ರಸ್ತೆ.

ಕಾಲೇಜಿನಲ್ಲಿದ್ದಾಗ ಅಲ್ಲಿಂದ ಒಂದು ಸೆಕೆಂಡ್ ಹ್ಯಾಂಡ್ ರ‍್ಯಾಮ್ ತಂದಿದ್ದೆ. ಅಂಗಡಿ ಅಂದರೆ ಇಬ್ಬರು ಅಕ್ಕಪಕ್ಕ ನಿಲ್ಲಲಾರದಷ್ಟು ಜಾಗ. ಅಂಗಡಿಯವರು ಡಬ್ಬಿಯಿಂದ ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಕಾಲುಗಳನ್ನು ರಬ್ಬರ್‌ನಿಂದ ಉಜ್ಜಿದರು. ಪೆನ್ಸಿಲ್ ಬರಹ ಅಳಿಸುತ್ತೇವಲ್ಲ, ಅದೇ ರಬ್ಬರ್. ಉಫ್ ಅಂತ ಊದಿ, ತಮ್ಮ ಬೋರ್ಡ್‌ಗೆ ಹಾಕಿ ಸ್ಕ್ರೀನ್ ಹತ್ತಿಸಿ ತೋರಿಸಿದರು. 'ನಡಿಯತ್ತೆ ಸರ್. ಆದ್ರೆ ಇನ್ನೊಂದ್ಸಲ ಹೋದ್ರೆ ರಿಪೇರಿ ಇಲ್ಲ, ಗುಜರಿನೇ' ಅಂದರು. ನಾಲ್ಕು ವರ್ಷ ನಡೆಯಿತು. ಆಮೇಲೆ ಹೋಯಿತು. ಗುಜರಿಗೇ ಹಾಕಿದೆ.

ಆ ಮಾತು ನೆನಪಿಟ್ಟುಕೊಳ್ಳಿ. ನನಗೇ ಅದು ನೆನಪಾಗಿದ್ದು ಮೂರು ವಾರ ತಡವಾಗಿ.

ಮೊದಲು ನಾನು ಬರೆದ ಕಾರ್ಡ್ ಹೀಗಿತ್ತು. ಎಸ್‌.ಪಿ. ರಸ್ತೆ, ರಿಸೋರ್ಸ್, ಅಂದರೆ ರನ್ನರ್‌ಗೆ ನೆರವಾಗುವ ಬಗೆಯ ಕಾರ್ಡ್. ಬೆಲೆ ಸೊನ್ನೆ. ಒಂದು ಕ್ಲಿಕ್ ಕೊಟ್ಟರೆ, ಎಸೆದ ಕಾರ್ಡ್‌ಗಳಲ್ಲಿರುವ ಒಂದು ಹಾರ್ಡ್‌ವೇರ್ ಅನ್ನು 3 ಕ್ರೆಡಿಟ್ ಕಡಿಮೆಗೆ ಮತ್ತೆ ಹೂಡಬಹುದು, ಅಂದರೆ ಮೇಜಿನ ಮೇಲೆ ಇಡಬಹುದು. ಓದಲು ಎಷ್ಟು ಚೆನ್ನಾಗಿದೆ! ಹಳೆಯ ಸಾಮಾನು, ಕಡಿಮೆ ಬೆಲೆ. ಎಸ್‌.ಪಿ. ರಸ್ತೆ ಅಂದರೆ ಅದೇ ತಾನೇ?

ತಂಗಿ ಎದುರಿಗೆ ಕೂತಳು. ಅವಳು ಯಾವಾಗಲೂ ವೇಲ್ಯಾಂಡ್ ಆಡುತ್ತಾಳೆ. ಅದು ಕಟ್ಟಡ ಕಟ್ಟುವ ಕಂಪನಿ, ಬೇಕಾದರೆ ಬೀಳಿಸುವುದೂ ಅದಕ್ಕೆ ಗೊತ್ತು. ಅವರ ಹಳೆಯ ಅಸ್ತ್ರ ಸ್ಕಾರ್ಚ್ಡ್ ಅರ್ಥ್. 3 ಕ್ರೆಡಿಟ್ ಕೊಟ್ಟರೆ, ಟ್ಯಾಗ್ ಬಿದ್ದಿರುವ, ಅಂದರೆ ಕಾರ್ಪ್‌ಗೆ ಜಾಡು ಸಿಕ್ಕಿರುವ, ರನ್ನರ್ ಮೇಲೆ 4 ಏಟು. ಅದನ್ನು ತಡೆಯಲು ರನ್ನರ್‌ಗೆ ಪ್ಲಾಸ್ಕ್ರೀಟ್ ಕ್ಯಾರಪೇಸ್ ಅಂತ ಒಂದು ಕವಚ ಇದೆ, ಅದೂ ಹಾರ್ಡ್‌ವೇರ್. ಬೆಲೆ 3, ತಡೆಯುವುದು 4 ಏಟು, ಆಮೇಲೆ ಅದು ಹೋಯಿತು. ಲೆಕ್ಕ ಸರಿಯಾಗಿದೆ. ಆದರೆ ನನ್ನ ಕಾರ್ಡ್ ಮೇಜಿನ ಮೇಲಿದ್ದರೆ ಆ ಕವಚ 3 ಕ್ರೆಡಿಟ್ ಕಡಿಮೆಗೆ, ಅಂದರೆ ಪುಕ್ಕಟೆಗೆ, ಮತ್ತೆ ಬರುತ್ತದೆ. ಅವಳು ಸುಟ್ಟಳು, ನಾನು ಒಂದು ಕ್ಲಿಕ್‌ನಲ್ಲಿ ಕವಚ ತಂದೆ. ಮತ್ತೆ ಸುಟ್ಟಳು, ಮತ್ತೆ ತಂದೆ. ಮೂರನೇ ಸಲ ಅವಳು ಕಾರ್ಡ್ ಕೆಳಗಿಟ್ಟಳು.

'ಅಣ್ಣಾ, ನೀನು ಸಾಯೋದೇ ಇಲ್ಲ ಅಂದ್ರೆ ನಾನ್ಯಾಕೆ ಆಡ್ಬೇಕು?'

ಅವಳು ಕೇಳಿದ್ದು ನ್ಯಾಯ. ಇಂಥದ್ದು ದೊಡ್ಡವರಿಗೂ ಆಗಿದೆ. ಅದೇ ಮುಂಬಡ್ ಕಾರ್ಡ್‌ಗಳಲ್ಲಿ ಮ್ಯೂಸಿಯಂ ಆಫ್ ಹಿಸ್ಟರಿ ಅಂತ ಒಂದಿದೆ. ಪ್ರತಿ ಸರದಿಗೆ ಕಾರ್ಪ್ ತನ್ನ ಎಸೆದ ಕಾರ್ಡ್‌ಗಳಿಂದ ಒಂದನ್ನು ಮತ್ತೆ ಎಳೆಯುವ ಕಾರ್ಡ್‌ಗಳ ಕಟ್ಟಿಗೆ ಸೇರಿಸಿಕೊಳ್ಳುತ್ತದೆ. ವಸ್ತುಸಂಗ್ರಹಾಲಯ ಮಾಡುವುದೂ ಅದನ್ನೇ, ಹಳೆಯದನ್ನು ಹೋಗಲು ಬಿಡುವುದಿಲ್ಲ. ಕಥೆ, ನಿಯಮ ಎರಡೂ ಹೊಂದುತ್ತವೆ. ಆದರೆ ಕಾರ್ಪ್‌ನ ಕಟ್ಟು ಖಾಲಿಯಾಗುವುದೇ ಇಲ್ಲವಾಗಿ ಆಟ ಎಳೆದುಕೊಂಡು ಹೋಗುತ್ತಿತ್ತು. ಎದುರಿಗೆ ಕೂತವರಿಗೆ ಅದು ಹಿಂಸೆ. ಕಥೆ ಹೊಂದಿದರೆ ಸಾಲದು ಅಂತ ನನಗೆ ಅರ್ಥವಾಗಿದ್ದು ಇದರಿಂದಲೇ.

ಸರಿ, ಪೆನ್ನು ಹಿಡಿದು ಕೂತೆ. ಈ ಆಟದಲ್ಲಿ ಬೆಲೆ ಕಟ್ಟಲು ಒಂದು ಸುಲಭದ ಅಳತೆ ಇದೆ. ಒಂದು ಕ್ಲಿಕ್ ಕೊಟ್ಟರೆ 1 ಕ್ರೆಡಿಟ್ ಸಿಗುತ್ತದೆ, ಇಲ್ಲವೇ 1 ಕಾರ್ಡ್ ಸಿಗುತ್ತದೆ. ಹಾಗಾಗಿ ಕ್ಲಿಕ್, ಕ್ರೆಡಿಟ್, ಕಾರ್ಡ್ ಮೂರೂ ಹತ್ತಿರ ಹತ್ತಿರ ಒಂದೇ ತೂಕ. ಶ್ಯೂರ್ ಗ್ಯಾಂಬಲ್ ಕಾರ್ಡ್ ನೋಡಿ. 5 ಕೊಟ್ಟು 9 ತೆಗೆದುಕೊಳ್ಳಿ, ಉಳಿತಾಯ 4. ಅದನ್ನೇ ಎಲ್ಲರೂ ಒಳ್ಳೆಯ ಕಾರ್ಡ್ ಅನ್ನುತ್ತಾರೆ, ಅದನ್ನೂ ಒಂದೇ ಸಲ ಆಡಿ ಎಸೆಯಬೇಕು. ನನ್ನ ಎಸ್‌.ಪಿ. ರಸ್ತೆ? ಬೇಕಾದ ಕಾರ್ಡ್ ಆರಿಸಿ ಕೊಡುತ್ತದೆ, ಅದು 1. ಬೆಲೆಯಲ್ಲಿ 3 ಕಡಿಮೆ. ಒಟ್ಟು 4. ಪ್ರತಿ ಸರದಿಗೂ ಒಂದು ಶ್ಯೂರ್ ಗ್ಯಾಂಬಲ್, ಅದೂ ಎಸೆಯುವ ಹಾಗಿಲ್ಲದೆ!

ರಿಯಾಯಿತಿಯನ್ನು 1ಕ್ಕೆ ಇಳಿಸಿದೆ. ಪೂರ್ತಿ ತೆಗೆಯಲು ಮನಸ್ಸು ಬರಲಿಲ್ಲ. ಸೆಕೆಂಡ್ ಹ್ಯಾಂಡ್ ಸಾಮಾನಿಗೆ ಹೊಸದರ ಬೆಲೆ ಕೊಡುವ ಎಸ್‌.ಪಿ. ರಸ್ತೆ ಎಲ್ಲಿದೆ? ಹಾಗಾದರೆ ಒಂದು ಸಲ ಬಳಸಿದರೆ ಲಾಭ 2. ಈಗ ಕಾರ್ಡ್‌ನ ಬೆಲೆ. ಅದು ಕೈಗೆ ಬರಲು 1, ಹೂಡಲು ಒಂದು ಕ್ಲಿಕ್, ಅಲ್ಲಿಗೆ 2 ಆಯಿತು. ಇದರ ಮೇಲೆ 2 ಕ್ರೆಡಿಟ್ ಇಟ್ಟರೆ ಒಟ್ಟು 4. ಎರಡು ಸಲ ಬಳಸಿದರೆ ಹಾಕಿದ ದುಡ್ಡು ಬಂತು, ಮೂರನೇ ಸಲದಿಂದ ಲಾಭ. 1 ಇಟ್ಟು ಆಡಿ ನೋಡಿದೆ, ಯೋಚಿಸದೇ ಹೂಡುವ ಹಾಗಾಯಿತು. 3 ಇಟ್ಟಾಗ ಕೈಯಲ್ಲೇ ಕೊಳೆಯಿತು. ಹೀಗೆ ಬಂದದ್ದು ಮೂಲೆಯಲ್ಲಿರುವ ಆ ಎರಡು.

ಆದರೂ ಕವಚ ಮತ್ತೆ ಮತ್ತೆ ಬರುವುದು ನಿಂತಿರಲಿಲ್ಲ, ಸ್ವಲ್ಪ ದುಬಾರಿಯಾಗಿತ್ತು ಅಷ್ಟೇ. ಒಂದು ಸರದಿಗೆ ಒಂದೇ ಸಲ ಅಂತ ಬರೆದೆ. ಒಟ್ಟು ಮೂರೇ ಸಲ ಅಂತ ಬರೆದೆ. ಎರಡೂ ಹೊರಗಿನಿಂದ ಹಾಕಿದ ಬೇಲಿಯ ಥರ ಕಂಡವು. ಬೀದಿಗೆ ಯಾಕೆ ಮೂರೇ ಸಲ? ಬೀದಿ ಅಲ್ಲೇ ಇರುತ್ತದಲ್ಲ? ಒಂದು ರಾತ್ರಿ ಪಾತ್ರೆ ತೊಳೆಯುತ್ತಾ ನಿಂತಿದ್ದಾಗ ಅಂಗಡಿಯವರ ಮಾತು ಕಿವಿಯಲ್ಲಿ ಬಂತು. ಇನ್ನೊಂದು ಸಲ ಹೋದರೆ ಗುಜರಿನೇ. ಕೈ ಒರೆಸಿಕೊಳ್ಳದೇ ಬಂದು ಬರೆದೆ. ಹೀಗೆ ತಂದ ಹಾರ್ಡ್‌ವೇರ್ ಮತ್ತೆ ಹೋದರೆ, ಅದು ಆಟದಿಂದಲೇ ಹೊರಗೆ.

ಮಿತಿ ಇರಬೇಕಾದ್ದು ಬೀದಿಗಲ್ಲ, ಸಾಮಾನಿಗೆ. ಈ ಸಾಲು ಬಂದ ಮೇಲೆ ಕಾರ್ಡ್‌ನ ಕೆಳಗೆ ಅಲಂಕಾರಕ್ಕೆ ಬರೆದಿದ್ದ ಕಥೆಯ ಮಾತುಗಳನ್ನೆಲ್ಲ ಅಳಿಸಿಬಿಟ್ಟೆ. ಬೇಕಿರಲಿಲ್ಲ.

ಇನ್ನು ಕನ್ನಡದಲ್ಲಿ ಬರೆಯುವ ವಿಷಯ. ಇದು ನನಗೆ ಬಹಳ ಇಷ್ಟವಾದ ಭಾಗ. ರನ್ನರ್‌ನ ಕೈಯಲ್ಲಿರುವ ಕಾರ್ಡ್‌ಗಳಿಗೆ ಇಂಗ್ಲಿಷಿನಲ್ಲಿ ಗ್ರಿಪ್ ಅನ್ನುತ್ತಾರೆ, ಎಳೆಯುವ ಕಟ್ಟಿಗೆ ಸ್ಟ್ಯಾಕ್, ಎಸೆದವಕ್ಕೆ ಹೀಪ್. ಹಿಡಿ, ಕಟ್ಟು, ಗುಡ್ಡೆ! ಮೂರಕ್ಕೂ ನಮ್ಮಲ್ಲಿ ಎರಡಕ್ಷರದ ಮಾತು ಸಿದ್ಧವಾಗಿಯೇ ಇತ್ತು. ಇಸ್ಪೀಟಿಗೂ ನಾವು ಕಟ್ಟು ಅಂತಲೇ ಅನ್ನುತ್ತೇವೆ. ತೊಡಕು ಬಂದದ್ದು ಬೇರೆ ಕಡೆ. ಮೊದಲು '2 ಕ್ರೆಡಿಟ್ ಕಟ್ಟಿ ಹೂಡಿ' ಅಂತ ಬರೆದಿದ್ದೆ. ತಂಗಿ ಅದನ್ನು ಓದಿ ಎರಡು ಕ್ರೆಡಿಟ್ ಅನ್ನು ಕಟ್ಟಿನ ಮೇಲೆ ಇಟ್ಟಳು. ದುಡ್ಡು ಕಟ್ಟುವುದೂ ಕಟ್ಟು, ಕಾರ್ಡ್‌ನ ಕಟ್ಟೂ ಕಟ್ಟು. ಅಲ್ಲಿಂದ ಎಲ್ಲ ಕಡೆ 'ಕೊಟ್ಟು' ಅಂತ ಬದಲಾಯಿಸಿದೆ. 'ಹೂಡಿ' ಮತ್ತು 'ಹೂಡಬಹುದು' ನಡುವೆಯೂ ಎಚ್ಚರ ಬೇಕು. ಮೊದಲನೆಯದು ಮಾಡಲೇಬೇಕು, ಎರಡನೆಯದು ಇಷ್ಟವಿದ್ದರೆ.

ಅಕ್ಷರದ ಅಳತೆಯಂತೂ ಕಣ್ಣಿಗೆ ಕೆಲಸ. ಇಲ್ಲಿ ನೋಡಿ, ಇದು ಹಳೆಯ ಪ್ರಿಂಟ್. 'ಗುಡ್ಡೆಯಿಂದ' ಅನ್ನುವುದರ ಒತ್ತು ಡ ಕೆಳಗಿಳಿದು, ಕೆಳಸಾಲಿನ 'ಹೂಡಿ'ಯ ತಲೆಗೆ ತಾಗಿದೆ. ಇಂಗ್ಲಿಷಿಗೆ ಮಾಡಿದ ಚೌಕಟ್ಟಿನಲ್ಲಿ ಒತ್ತಕ್ಷರಕ್ಕೆ ಜಾಗವೇ ಇರುವುದಿಲ್ಲ. ಅಕ್ಷರ 7 ಪಾಯಿಂಟ್ ಇಟ್ಟು, ಸಾಲಿನ ಅಂತರ 10 ಪಾಯಿಂಟ್ ಮಾಡಿದ ಮೇಲೆ ಉಸಿರಾಡಿತು. ಅಂತರ ಜಾಸ್ತಿಯಾದರೆ ಸಾಲು ಕಡಿಮೆ. ಸಾಲು ಕಡಿಮೆಯಾದರೆ ನಿಯಮ ಚಿಕ್ಕದಾಗಲೇಬೇಕು. ಕೊನೆಗೆ ಉಳಿದದ್ದು ಇಷ್ಟು:

'1 ಕ್ಲಿಕ್: ನಿಮ್ಮ ಗುಡ್ಡೆಯಿಂದ 1 ಹಾರ್ಡ್‌ವೇರ್ ಅನ್ನು 1 ಕ್ರೆಡಿಟ್ ಕಡಿಮೆ ಕೊಟ್ಟು ಹೂಡಿ. ಅದು ಮತ್ತೆ ಗುಡ್ಡೆಗೆ ಬೀಳುವಂತಾದರೆ, ಆಟದಿಂದ ತೆಗೆಯಿರಿ.'

ಚಿತ್ರ ನನ್ನದೇ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಅಲ್ಲಿ ಹೋಗಿ ತೆಗೆದ ಫೋಟೋ ಇಟ್ಟುಕೊಂಡು, ಕ್ರಿತಾ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್‌ನಲ್ಲಿ ಅದರ ಮೇಲೆ ಬರೆದದ್ದು. ಬೇರೆ ಕಲಾವಿದರ ಚಿತ್ರ ಎತ್ತಿಕೊಳ್ಳಬೇಡಿ, ದಯವಿಟ್ಟು. ಹಿಂಬದಿಯಲ್ಲಿ 'ಅಭಿಮಾನಿ ಮಾಡಿದ ಕಾರ್ಡ್' ಅಂತ ಹಾಕಿ, ಮಾರಬೇಡಿ. ಪ್ರಿಂಟ್ ಮಾಡುವಾಗ ಅಳತೆ 63 ಮಿ.ಮೀ. ಅಗಲ, 88 ಮಿ.ಮೀ. ಉದ್ದ. ಒಂದು ಎ4 ಹಾಳೆಗೆ 9 ಕಾರ್ಡ್ ಹಿಡಿಯುತ್ತವೆ. 'ಫಿಟ್ ಟು ಪೇಜ್' ತೆಗೆದು 100 ಪರ್ಸೆಂಟ್ ಇಡಿ, ಇಲ್ಲದಿದ್ದರೆ ಕಾರ್ಡ್ ಕುಗ್ಗುತ್ತದೆ. ನನ್ನ ಮೊದಲ ಮೂರು ಹಾಳೆ ಹಾಗೇ ಹೋದವು. ಗಟ್ಟಿಯಾಗಲು ಸ್ಲೀವ್‌ನೊಳಗೆ ಹಿಂದೆ ಹಳೆಯ ಕಾರ್ಡ್ ಒಂದನ್ನು ಇಟ್ಟರೆ ಸಾಕು.

ನಿನ್ನೆ ಹನ್ನೊಂದನೇ ಆಟ. ತಂಗಿ 5 ಪಾಯಿಂಟ್, ನಾನು 6. ನನ್ನ ಮೇಲೆ ಒಂದು ಟ್ಯಾಗ್ ಇತ್ತು. ನನ್ನ ಹತ್ತಿರ 3 ಕ್ರೆಡಿಟ್, ಹಿಡಿಯಲ್ಲಿ 3 ಕಾರ್ಡ್. ಕವಚ ಮೊದಲೇ ಗುಡ್ಡೆಗೆ ಹೋಗಿತ್ತು. ಎಸ್‌.ಪಿ. ರಸ್ತೆಗೆ ಹೋಗಿ 2 ಕೊಟ್ಟು ಅದನ್ನು ತಂದೆ. ಉಳಿದದ್ದು 1. ಟ್ಯಾಗ್ ತೆಗೆಯಲು ಒಂದು ಕ್ಲಿಕ್ ಜೊತೆಗೆ 2 ಕ್ರೆಡಿಟ್ ಬೇಕು. ಒಂದು ಕ್ಲಿಕ್ ಕೊಟ್ಟು ದುಡ್ಡು ಗಳಿಸಿ ತೆಗೆಯಬಹುದಿತ್ತು. ಕವಚ ಇದೆಯಲ್ಲ ಅಂತ ಅವಳ ಸರ್ವರ್‌ಗೆ ನುಗ್ಗಿದೆ. ಏನೂ ಸಿಗಲಿಲ್ಲ.

ಅವಳ ಸರದಿ. ಮೊದಲ ಕ್ಲಿಕ್‌ಗೆ 2 ಕ್ರೆಡಿಟ್ ಕೊಟ್ಟು ಎಸ್‌.ಪಿ. ರಸ್ತೆಯನ್ನೇ ಮುಚ್ಚಿಸಿದಳು. ಟ್ಯಾಗ್ ಇದ್ದರೆ ಕಾರ್ಪ್‌ಗೆ ಆ ಹಕ್ಕಿದೆ. ಎರಡನೇ ಕ್ಲಿಕ್‌ಗೆ ಸ್ಕಾರ್ಚ್ಡ್ ಅರ್ಥ್. ಕವಚ 4 ಏಟನ್ನೂ ತಿಂದಿತು. ನಾನು ಅದನ್ನು ಎತ್ತಿ ಗುಡ್ಡೆಗೆ ಹಾಕಲು ಹೋದೆ. ಅವಳು ಕೈ ಅಡ್ಡ ಹಿಡಿದು, 'ಅದು ಗುಜರಿಗೆ' ಅಂದಳು. ಮೂರನೇ ಕ್ಲಿಕ್‌ಗೆ ಇನ್ನೊಂದು ಸ್ಕಾರ್ಚ್ಡ್ ಅರ್ಥ್. ನಾಲ್ಕು ಏಟು, ನನ್ನ ಕೈಯಲ್ಲಿ ಮೂರು ಕಾರ್ಡ್. ಮುಗಿಯಿತು.

ಸೋತು ಇಷ್ಟು ಖುಷಿಪಟ್ಟದ್ದು ನನಗೆ ನೆನಪಿಲ್ಲ. 'ಗುಜರಿ' ಅನ್ನುವ ಮಾತು ಕಾರ್ಡ್‌ನಲ್ಲಿ ಎಲ್ಲೂ ಇಲ್ಲ. ಅವಳಿಗೆ ಆ ರ‍್ಯಾಮ್ ಕಥೆ ನಾನು ಹೇಳಿಯೂ ಇರಲಿಲ್ಲ.

ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಮೇಜಿನ ಮೇಲೆ ಒಂದು ಚೀಟಿ. ತಂಗಿಯ ಅಕ್ಷರ. ನೆಟ್‌ರನ್ನರ್‌ನಲ್ಲಿ ಕರೆಂಟ್ ಅಂತ ಒಂದು ಬಗೆಯ ಕಾರ್ಡ್ ಇದೆ. ಆಡಿದ ಮೇಲೆ ಮೇಜಿನ ಮೇಲೇ ಉಳಿಯುತ್ತದೆ. ಕಾರ್ಪ್ ಆಡಿದ್ದಾದರೆ, ಇನ್ನೊಂದು ಕರೆಂಟ್ ಬಂದಾಗ ಇಲ್ಲವೇ ರನ್ನರ್ ಒಂದು ಅಜೆಂಡಾ ಕದ್ದಾಗ ಹೋಗುತ್ತದೆ. ಅವಳು ಬರೆದಿರುವ ಹೆಸರು 'ಕರೆಂಟ್ ಇಲ್ಲ'. ಕಾರ್ಪ್ ಕಡೆಯ ಕಾರ್ಡ್. ರನ್ನರ್ ಪ್ರತಿ ಸರದಿಯಲ್ಲಿ ಮೊದಲ ಪ್ರೋಗ್ರಾಂ ಹೂಡಲು 1 ಕ್ರೆಡಿಟ್ ಜಾಸ್ತಿ ಕೊಡಬೇಕು. ಕೆಳಗೆ ಬ್ರಾಕೆಟ್ ಹಾಕಿ, 'ಅಜೆಂಡಾ ಕದ್ರೆ ಕರೆಂಟ್ ಬರತ್ತೆ ಅಣ್ಣಾ' ಅಂತ ಬರೆದಿದ್ದಾಳೆ.

ಮೇಲೆ ಎಡಗಡೆ ಮೂಲೆಯಲ್ಲಿ ವೃತ್ತ ಬರೆದಿದ್ದಾಳೆ. ಒಳಗೆ ಇನ್ನೂ ಏನೂ ಬರೆದಿಲ್ಲ. ರಾತ್ರಿ ಊಟ ಆದ ಮೇಲೆ ಕೂರುತ್ತೇವೆ.