ಕುಡಿತ ನಿಲ್ಲಿಸಿದ ಮೂರನೆಯ ದಿನ ಏಕೆ ಅಪಾಯ?

ನಮಸ್ಕಾರ. ಮೂಳೆ ಮುರಿದು ಆಸ್ಪತ್ರೆ ಸೇರಿದವರೊಬ್ಬರು ಮೊದಲ ದಿನ ಎಲ್ಲರೊಡನೆ ಸರಿಯಾಗಿಯೇ ಮಾತನಾಡಿ, ಮೂರನೆಯ ದಿನ ಹಾಸಿಗೆಯ ಮೇಲೆ ಇಲ್ಲದ ಹುಳುಗಳನ್ನು ಹೆಕ್ಕುತ್ತ, ಹೆಂಡತಿಯನ್ನೂ ಗುರುತಿಸದೆ ಬಡಬಡಿಸತೊಡಗುವುದು ವೈದ್ಯರಿಗೆ ಹೊಸತಲ್ಲ. ಗಾಳಿ ಸೋಕಿತೆಂದು ಮನೆಯವರು ಗಾಬರಿಯಾಗುತ್ತಾರೆ. ನಿಜವಾದ ಕಾರಣ, ದಿನವೂ ದೇಹಕ್ಕೆ ಸೇರುತ್ತಿದ್ದ ಮದ್ಯ ಒಮ್ಮೆಲೇ ನಿಂತಿರುವುದು.

ಮದ್ಯವು ಮಿದುಳನ್ನು ಶಾಂತಗೊಳಿಸುವ ಗಾಬಾ ವ್ಯವಸ್ಥೆಗೆ ಬಲ ಕೊಟ್ಟು, ಉದ್ರೇಕಿಸುವ ಗ್ಲುಟಮೇಟ್ ವ್ಯವಸ್ಥೆಯನ್ನು ಅದುಮುತ್ತದೆ. ತಿಂಗಳುಗಟ್ಟಲೆ ಬಿಡುವಿಲ್ಲದೆ ಕುಡಿದವರ ಮಿದುಳು ಇದಕ್ಕೆ ಪ್ರತಿಯಾಗಿ ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡಿರುತ್ತದೆ. ಮದ್ಯ ನಿಂತಾಗ ಆ ಉದ್ರೇಕಕ್ಕೆ ತಡೆಯೇ ಇರುವುದಿಲ್ಲ. ಆರೆಂಟು ಗಂಟೆಗಳಲ್ಲಿ ಕೈನಡುಕ, ಬೆವರು, ವಾಕರಿಕೆ ಶುರುವಾಗಬಹುದು. ಫಿಟ್ಸ್ ಬರುವುದಾದರೆ ಸಾಮಾನ್ಯವಾಗಿ 48 ಗಂಟೆಗಳೊಳಗೆ ಬರುತ್ತದೆ. ಡೆಲಿರಿಯಮ್ ಟ್ರೆಮೆನ್ಸ್ ಎಂಬ ಮಾರಣಾಂತಿಕ ಚಿತ್ತವಿಕಲತೆ ಹೆಚ್ಚಾಗಿ ಎರಡರಿಂದ ನಾಲ್ಕನೆಯ ದಿನದೊಳಗೆ ಕಾಣಿಸಿಕೊಳ್ಳುತ್ತದೆ.

ಹಾಗಾದರೆ ಯಾರಿಗೆ ಅಪಾಯ ಹೆಚ್ಚು? ಶನಿವಾರ ಮಾತ್ರ ಮಿತಿಮೀರಿ ಕುಡಿದು ಬೀಳುವವರಿಗೆ ಅಪಘಾತದಂಥ ಬೇರೆ ಗಂಡಾಂತರಗಳಿವೆ. ಆದರೆ ಈ ವಿಷಯದಲ್ಲಿ ಹೆಚ್ಚು ಚಿಂತಿಸಬೇಕಾದದ್ದು ದಿನವೂ ಒಂದು ಕ್ವಾರ್ಟರ್ ಮುಗಿಸಿಯೂ ತೂರಾಡದವರ ಬಗ್ಗೆ. ಶೇ. 42.8ರ ಮದ್ಯದ 180 ಮಿಲಿಯಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ. ಅಷ್ಟನ್ನು ಕುಡಿದೂ ಅಲುಗಾಡದವರನ್ನು ನಮ್ಮಲ್ಲಿ ತಾಕತ್ತಿನವರೆಂದು ಹೊಗಳುವುದುಂಟು, ಆದರೆ ಅದು ಮಿದುಳು ಮದ್ಯಕ್ಕೆ ಒಗ್ಗಿಹೋಗಿರುವುದರ ಗುರುತು. ಬೆಳಿಗ್ಗೆ ಕೈನಡುಕ ನಿಲ್ಲಿಸಲೆಂದೇ ಕುಡಿಯುವವರಲ್ಲಿ ಅವಲಂಬನೆ ಬೇರೂರಿದೆ ಎಂದೇ ತಿಳಿಯಬೇಕು.

ಬಿಟ್ಟು ಬಿಟ್ಟು ಮತ್ತೆ ಹಿಡಿಯುವ ರೂಢಿಯನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ವರ್ಷವಿಡೀ ಕುಡಿದು, ಮಾಲೆ ಹಾಕಿದ ದಿನವೇ ಪೂರ್ತಿ ನಿಲ್ಲಿಸಿ, ವ್ರತ ಮುಗಿದೊಡನೆ ಮತ್ತೆ ಆರಂಭಿಸುವವರಲ್ಲಿ ಪ್ರತಿ ಸಲದ ಹಠಾತ್ ನಿಲುಗಡೆಯೂ ಮುಂದಿನದನ್ನು ಹೆಚ್ಚು ತೀವ್ರಗೊಳಿಸಬಹುದು. ಹಿಂದೆ ಒಮ್ಮೆ ಫಿಟ್ಸ್ ಅಥವಾ ಚಿತ್ತವಿಕಲತೆ ಬಂದಿದ್ದರಂತೂ ಮನೆಯಲ್ಲಿ ತಾವಾಗಿಯೇ ನಿಲ್ಲಿಸುವುದು ಸಲ್ಲದು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್‌ನಿಂದಾಗಿ ಮದ್ಯದಂಗಡಿಗಳು ಒಮ್ಮೆಲೇ ಮುಚ್ಚಿದಾಗ, ಬೆಂಗಳೂರಿನಲ್ಲಿ ಇಂಥ ತೀವ್ರ ಪ್ರಕರಣಗಳು ಹೆಚ್ಚಿದ್ದನ್ನು ವೈದ್ಯರು ದಾಖಲಿಸಿದರು.

ಇದಕ್ಕೆ ಚಿಕಿತ್ಸೆ ಇದೆ. ವೈದ್ಯರು ಮಿದುಳನ್ನು ಶಾಂತಗೊಳಿಸುವ ಲೊರಾಜೆಪಾಮ್‌ನಂಥ ಔಷಧವನ್ನು ಕೊಟ್ಟು ದಿನದಿಂದ ದಿನಕ್ಕೆ ಅದರ ಪ್ರಮಾಣ ಇಳಿಸುತ್ತ, ಜೊತೆಗೆ ಥಯಾಮಿನ್ ಎಂಬ ಬಿ1 ಜೀವಸತ್ವ ಕೊಡುತ್ತಾರೆ. ಆ ಮಾತ್ರೆಗಳನ್ನು ಅಂಗಡಿಯಿಂದ ತಂದು ತಾವೇ ನುಂಗುವುದು ಅಪಾಯಕರ. ಆಪರೇಷನ್ನಿಗೆ ಮುನ್ನ ವೈದ್ಯರು ಕೇಳದಿದ್ದರೂ, ದಿನಕ್ಕೆ ಎಷ್ಟು ಕುಡಿಯುತ್ತೀರಿ, ಕೊನೆಯದಾಗಿ ಯಾವಾಗ ಕುಡಿದಿರಿ ಎಂಬುದನ್ನು ಮುಚ್ಚಿಡದೆ ಹೇಳಿ. ಬಿಡಲು ನೆರವು ಬೇಕಾದವರು 14446ಕ್ಕೆ ಕರೆಮಾಡಬಹುದು. ಫಿಟ್ಸ್ ಬಂದರೆ ಅಥವಾ ಅಸಂಬದ್ಧವಾಗಿ ಬಡಬಡಿಸತೊಡಗಿದರೆ ತಡಮಾಡದೆ 108ಕ್ಕೆ ಕರೆಮಾಡಿ.